ಕಾಗದದ ಮೇಲಿನ ದುಂಡು ತೂತು

ತಂಗಿಯ ಎಡಗೈ ಸೋಲುತ್ತಿದೆ ಅನ್ನುವುದನ್ನು ಎಲ್ಲರಿಗಿಂತ ಮೊದಲು ಹೇಳಿದ್ದು ಒಂದು ಹಾಳೆ ಕಾಗದ. ಆ ಕಾಗದವನ್ನು ಓದುವ ಕೆಲಸ ಅಕ್ಕನದು. ಅಕ್ಕ ಓದಿದಳು ಕೂಡ. ಆದರೆ ತಪ್ಪನ್ನೆಲ್ಲ ಬಿಲ್ಲಿನ ತಲೆಗೆ ಕಟ್ಟಿ ಓದಿದಳು.

ಬಿಲ್ಲುಗಾರಿಕೆ ಮೈದಾನದ ಹಿಂಬದಿಗೆ, ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕದಲ್ಲಿ, ತಗಡಿನ ಮಾಡಿನ ಒಂದು ಉದ್ದ ಕೋಣೆ ಇತ್ತು. ಅದು ಮಾವನ ಅಂಗಡಿ. ಮಾವ ಅಂದರೆ ಅಮ್ಮನ ತಮ್ಮ. ಹೆದೆ ಕಟ್ಟುವುದು, ಬಾಣ ಕತ್ತರಿಸಿ ಗರಿ ಅಂಟಿಸುವುದು, ಕೆಟ್ಟ ಬಿಲ್ಲು ಬಿಚ್ಚಿ ಜೋಡಿಸುವುದು, ಇವೇ ಅಲ್ಲಿಯ ಕೆಲಸಗಳು. ಒಳಗೆ ಕಾಲಿಟ್ಟರೆ ಹೆದೆಗೆ ಸವರುವ ಮೇಣದ ವಾಸನೆ, ಕತ್ತರಿಸಿದ ಕಾರ್ಬನ್ನಿನ ಕಪ್ಪು ಪುಡಿ, ಗೋಡೆಗೆ ಸಾಲಾಗಿ ತೂಗುಬಿದ್ದ ಬಿಲ್ಲುಗಳು. ಪುರಾಣದ ಚಿತ್ರಗಳಲ್ಲಿ ಕಾಣುವ ಬಾಗಿದ ಬಿಲ್ಲುಗಳಲ್ಲ, ಕಾಂಪೌಂಡ್ ಬಿಲ್ಲುಗಳು. ಲೋಹದ ಮೈ, ಎರಡೂ ತುದಿಗೆ ಓರೆಯಾದ ಗಾಲಿ, ಗಾಲಿಯಿಂದ ಗಾಲಿಗೆ ಹೆದೆ ಮತ್ತು ಕೇಬಲ್ಲು. ಎಳೆಯುವಾಗ ಮೊದಮೊದಲು ಪ್ರಾಣ ಹೋಗುವಷ್ಟು ಭಾರ. ಆಮೇಲೆ ಗಾಲಿ ಹೊರಳಿಕೊಂಡಾಗ ಒಮ್ಮೆಲೇ ಹಗುರ. ಮೊದಲ ಸಲ ನೋಡಿದಾಗ ಅಮ್ಮ, ಇದೇನೇ ಬಿಲ್ಲೋ, ಬಾವಿಯ ರಾಟೆಯೋ ಅಂದಿದ್ದಳು.

ಇಂಥ ಬಿಲ್ಲು ಅಂಗಡಿಯಿಂದ ತಂದ ಕೂಡಲೇ ನೆಟ್ಟಗೆ ಹೊಡೆಯುವುದಿಲ್ಲ. ಒಬ್ಬೊಬ್ಬರ ತೋಳಿಗೂ ಹೊಂದಿಸಬೇಕು. ಎಷ್ಟು ಉದ್ದ ಎಳೆಯಬೇಕು, ಎಷ್ಟು ಭಾರ ಇರಬೇಕು, ಎರಡು ಗಾಲಿಗಳೂ ಒಟ್ಟಿಗೆ ಹೊರಳುತ್ತವೋ ಇಲ್ಲವೋ, ಬಾಣ ಕೂರುವ ಆಸರೆ, ಅದನ್ನು ಎಲ್ಲರೂ ರೆಸ್ಟ್ ಅನ್ನುತ್ತಾರೆ, ಅದು ನಡುಮಧ್ಯಕ್ಕೆ ಇದೆಯೋ ಇಲ್ಲವೋ. ಕೊನೆಗೆ ಕಾಗದ. ಕಿಟಕಿಯಷ್ಟು ದೊಡ್ಡ ಮರದ ಚೌಕಟ್ಟಿಗೆ ಕಾಗದ ಬಿಗಿದು, ಬಿಲ್ಲುಗಾರನನ್ನು ಅದರ ಹತ್ತಿರವೇ ನಿಲ್ಲಿಸಿ, ಕಾಗದ ತೂರಿ ಹೋಗುವಂತೆ ಬಾಣ ಬಿಡಿಸುತ್ತಾರೆ. ಬಾಣ ನೆಟ್ಟಗೆ ಹೋದರೆ ಕಾಗದದಲ್ಲಿ ದುಂಡು ತೂತು, ತೂತಿನ ಸುತ್ತ ಮೂರು ಗರಿ ಕೊಯ್ದ ಮೂರು ಗೀರು. ಬಾಣದ ಬಾಲ ಅಲ್ಲಾಡಿದರೆ, ಅಲ್ಲಾಡಿದ ಕಡೆಗೆ ಕಾಗದ ಹರಿಯುತ್ತದೆ. ಎಡಕ್ಕೆ ಹರಿದರೆ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ ತಳ್ಳಬೇಕು. ಬಲಕ್ಕೆ ಹರಿದರೆ ಎಡಕ್ಕೆ. ಮತ್ತೆ ಬಿಡಿಸಬೇಕು, ಮತ್ತೆ ನೋಡಬೇಕು. ಯಾರ ಬಿಲ್ಲೋ ಅವರೇ ಬಿಡಬೇಕು, ಬೇರೆಯವರ ಕೈಗೆ ಕೊಡಬಾರದು ಅನ್ನುವುದು ಮಾವನ ಅಂಗಡಿಯ ಕಟ್ಟುನಿಟ್ಟು.

ಅಕ್ಕ ಡಿಗ್ರಿ ಮುಗಿಸಿದ ಮೇಲೆ ಎರಡು ಮೂರು ಕಡೆ ಕೆಲಸದ ಸಂದರ್ಶನಕ್ಕೆ ಕರೆ ಬಂದು ಹೋಗಿ ಕುಳಿತಿದ್ದಳು. ನಿನ್ನ ಬಗ್ಗೆ ಹೇಳು ಅಂದಾಗಲೆಲ್ಲ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಕೊನೆಗೆ, ಏನಾದರೂ ಸಿಗುವವರೆಗೆ ಅಂತ ಮಾವನ ಅಂಗಡಿಯಲ್ಲಿ ಕೂತವಳು ಅಲ್ಲಿಯೇ ಬೇರುಬಿಟ್ಟಳು. ಅಲ್ಲಿ ಯಾರೂ ಅವಳ ಬಗ್ಗೆ ಕೇಳುತ್ತಿರಲಿಲ್ಲ. ಮಾವನೊಬ್ಬನೇ ಮೂರು ಜನರ ಮಾತು ಆಡುತ್ತಿದ್ದ. ನಮ್ಮ ಅಂಗಡಿಯಲ್ಲಿ ಬಾಯಿಲ್ಲದ ಮಷೀನು ಎರಡಿವೆ, ಒಂದು ಬಿಲ್ಲು ಒತ್ತುವ ಪ್ರೆಸ್ಸು, ಇನ್ನೊಂದು ನಮ್ಮಕ್ಕನ ಮಗಳು ಅಂತ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅಕ್ಕನೂ ತಲೆ ತಗ್ಗಿಸಿಕೊಂಡೇ ನಗುತ್ತಿದ್ದಳು. ಅವಳ ಬೆರಳುಗಳಿಗೆ ಮಾತ್ರ ಸಂಕೋಚ ಇರಲಿಲ್ಲ. ಎಷ್ಟೇ ಹಠಮಾರಿ ಬಿಲ್ಲಿರಲಿ, ಅವಳ ಕೈಗೆ ಬಿದ್ದ ಮೇಲೆ ದುಂಡು ತೂತು ಮಾಡದೆ ಹೋಗುತ್ತಿರಲಿಲ್ಲ.

ತಂಗಿ ಅಕ್ಕನ ಹಾಗಲ್ಲ. ಬಾಗಿಲಲ್ಲಿ ಅವಳ ನಗು ಕೇಳಿಸಿ, ಆಮೇಲೆ ಅವಳು ಒಳಗೆ ಬರುತ್ತಿದ್ದಳು. ಮೈದಾನದಲ್ಲಿ ಅವಳಷ್ಟು ಚೆನ್ನಾಗಿ ಬಾಣ ಬಿಡುವವರು ಇರಲಿಲ್ಲ. ಬಾಣ ಹಿಡಿದವಳು ಬಾಣಂತಿ ಅಲ್ಲದೆ ಮತ್ತೇನು ಅಂತ ಮಾವ ಅವಳಿಗೆ ಹೆಸರಿಟ್ಟಿದ್ದ. ಮದುವೆಯಾಗದ ಹುಡುಗಿಗೆ ಇದೆಂಥ ಹೆಸರೋ ನಿನ್ನ ಬಾಯಿಗಷ್ಟು ಅಂತ ಅಮ್ಮ ಬೈದರೆ ಮತ್ತೂ ಜೋರಾಗಿ ಕರೆಯುತ್ತಿದ್ದ. ತಂಗಿ ಅಕ್ಕನಿಗೆ ಇಟ್ಟ ಹೆಸರು ಸ್ಕ್ರೂ ಡಾಕ್ಟ್ರು. ಆ ವರ್ಷ ಮಳೆ ಕಳೆದ ಮೇಲೆ ದೇಶದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಹೋದ ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲ ಆಗಲೇಬೇಕು ಅಂತ ಕೋಚ್ ಹೇಳಿದ್ದರು, ಮಾವ ಹೇಳಿದ್ದ. ಅಕ್ಕ ಯಾರಿಗೂ ಹೇಳಿರಲಿಲ್ಲ, ಆದರೆ ಅವಳಷ್ಟು ಆಸೆ ಇಟ್ಟುಕೊಂಡವರು ಯಾರೂ ಇರಲಿಲ್ಲ. ತಾನು ಎಲ್ಲೂ ಹೋಗದಿದ್ದರೇನು, ತಾನು ಹೊಂದಿಸಿದ ಬಿಲ್ಲು ಹೋಗುತ್ತದಲ್ಲ ಅಂದುಕೊಂಡಿದ್ದಳು. ತಂಗಿಯ ಬಿಲ್ಲನ್ನು ಮೊದಲು ಹೊಂದಿಸಿದ ದಿನ, ರೆಸ್ಟು ನಡುಮಧ್ಯಕ್ಕೆ ಕೂತ ಜಾಗದಲ್ಲಿ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದಳು. ಬಣ್ಣ ತಂಗಿಯದು. ಅಕ್ಕ ಹಚ್ಚಿಕೊಳ್ಳುತ್ತಿರಲಿಲ್ಲ.

ಬೇಸಿಗೆ ಶುರುವಾದಾಗ ಕಾಗದ ಎಡಕ್ಕೆ ಹರಿಯಿತು.

ಚಿಕ್ಕ ಹರುಕು, ಉಗುರಿನ ಅಗಲದ್ದು. ಅಕ್ಕ ಬಿಲ್ಲನ್ನು ಪ್ರೆಸ್ಸಿಗೆ ಹಾಕಿ ಕೂತಳು. ಗಾಲಿಗಳು ಸರಿಯಾಗಿದ್ದವು. ಹೆದೆ ಸಡಿಲಾಗಿರಲಿಲ್ಲ. ಒಂದೊಂದು ಸ್ಕ್ರೂವನ್ನೂ ಬಿಗಿದು ನೋಡಿದಳು. ಕೊನೆಗೆ ಕೋಚ್ ಬಂದು ತಂಗಿಯ ಹಿಂದೆ ನಿಂತು ನೋಡಿ, ಬಾಣ ಬಿಡುವ ಹೊತ್ತಿಗೆ ಹಿಡಿಕೆ ಅಂಗೈಯಲ್ಲಿ ಒಂಚೂರು ತಿರುಗುತ್ತಿದೆ ಅಂದರು. ಅಷ್ಟು ಸಾಕಾಯಿತು ಅಕ್ಕನಿಗೆ. ಹಿಡಿಕೆಯ ಕೆಳಬದಿಗೆ, ಕಿರುಬೆರಳಿನ ಕಡೆಯ ಅಂಗೈ ದಿಂಡು ಕೂರುವ ಜಾಗದಲ್ಲಿ, ಎಪಾಕ್ಸಿ ಅಂಟಿನ ಹಿಟ್ಟು ಕಲಸಿ ಒಂದು ಉಬ್ಬು ಕೂರಿಸಿದಳು. ಒಣಗಿದ ಮೇಲೆ ಅರದಿಂದ ಉಜ್ಜಿ, ಟೇಪು ಸುತ್ತಿ, ಮತ್ತೆ ಉಜ್ಜಿ, ಕೈಗೆ ಕೀಲಿ ಹಾಕಿದ ಹಾಗೆ ಕೂರುವಂತೆ ಮಾಡಿದಳು. ತಂಗಿ ಹಿಡಿದಳು, ಎಳೆದಳು, ಬಿಟ್ಟಳು. ದುಂಡು ತೂತು. ಕೋಚ್ ಕಾಗದಕ್ಕೆ ಮೂಗು ತಾಗಿಸಿ ನೋಡಿ ಹುಬ್ಬು ಹಾರಿಸಿದರು. ಮಾವ ಆ ಕಾಗದವನ್ನು ಬಾಗಿಲಿಗೆ ಅಂಟಿಸಿಬಿಟ್ಟ. ಸ್ವಲ್ಪ ಒತ್ತುತ್ತೆ ಕಣೇ ಅಂತ ತಂಗಿ ಅಂಗೈ ಉಜ್ಜಿಕೊಂಡು ಹೇಳಿದ್ದಳು. ಒತ್ತಿದರೇ ತಿರುಗದೆ ಇರೋದು, ರೂಢಿಯಾಗುತ್ತೆ ಅಂದಿದ್ದಳು ಅಕ್ಕ.

ರೂಢಿಯಾಯಿತು. ಆದರೆ ಕೆಲವು ವಾರ ಕಳೆದು ಕಾಗದ ಮತ್ತೆ ಎಡಕ್ಕೆ ಹರಿಯಿತು. ಈ ಸಲ ಅಕ್ಕ ರೆಸ್ಟನ್ನು ಬಲಕ್ಕೆ ಸರಿಸಿದಳು, ಕೂದಲೆಳೆಯಷ್ಟೇ. ದುಂಡಾಯಿತು. ಮತ್ತೆ ಹರಿಯಿತು, ಮತ್ತೆ ಸರಿಸಿದಳು. ಬಿಲ್ಲು ಭಾರ ಅನ್ನಿಸುತ್ತಿದೆ, ಸೆಕೆಗೆ ಸುಸ್ತು ಅಂತ ತಂಗಿ ಹೇಳಿದಾಗ ಬಿಲ್ಲಿನ ತೋಳಿನ ಬೋಲ್ಟು ಸಡಿಲಿಸಿ ಭಾರ ಇಳಿಸಿದಳು. ಭಾರ ಇಳಿದರೆ ಹಳೆಯ ಬಾಣ ಬಿರುಸಾಗುತ್ತದೆ; ಅದಕ್ಕೆ ಮೆತ್ತಗಿನ ಬಾಣ ಆರಿಸಿ ಕತ್ತರಿಸಿದಳು, ತುದಿಗೆ ತೂಕದ ಮೊನೆ ಹಾಕಿದಳು. ಬಿಲ್ಲು ಅಲುಗದಂತೆ ಮುಂದಕ್ಕೆ ಚಾಚಿದ ಕೋಲಿನಿಂದ ತೂಕ ತೆಗೆದು ಹಿಂದಕ್ಕೆ ಹಾಕಿದಳು. ಒಂದೊಂದು ಬದಲಾವಣೆಯೂ ಅವಳಿಗೆ ಒಂದೊಂದು ಗೆಲುವು. ಊಟ ಮಾಡುವಾಗಲೂ ಅದೇ ಯೋಚನೆ, ತಟ್ಟೆಯ ಮೇಲೆ ಬೆರಳಿನಿಂದ ಹರುಕಿನ ಗೆರೆ ಬರೆಯುತ್ತಿದ್ದಳು. ರೆಸ್ಟು ಕೆಂಪು ಚುಕ್ಕೆ ಬಿಟ್ಟು ದೂರ ಬಂದದ್ದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಹೆದೆ ಹಳತಾಗುತ್ತಿದೆ, ಹೊಸದು ಹಾಕಿದಾಗ ಎಲ್ಲ ಮತ್ತೆ ಚುಕ್ಕೆಗೆ ಬರುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಗುರಿಹಲಗೆಯಲ್ಲಿ ಬಾಣಗಳೆಲ್ಲ ನಡುವಿನ ಹಳದಿಯಲ್ಲೇ ಗುಂಪಾಗುತ್ತಿದ್ದವು. ಅಂಕ ಬರುತ್ತಿರುವಾಗ ಯಾರು ಯಾಕೆ ಕೈ ನೋಡುತ್ತಾರೆ?

ಕೈ ನೋಡಿದ್ದು ಅಮ್ಮ. ಅಮ್ಮ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಪ್ಯಾಂಟು ಮೊಟಕು ಮಾಡುವುದು, ಸೊಂಟ ಸಡಿಲಿಸುವುದು ಮಾಡುತ್ತಿದ್ದಳು. ಸಂಜೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಳ್ಳುವುದು ತಂಗಿಯ ಕೆಲಸ. ಹಿಡಿದ ಬಟ್ಟೆ ಅವಳ ಎಡಗೈಯಿಂದ ಜಾರತೊಡಗಿತು. ಒಂದು ದಿನ ಗುಂಡುಪಿನ್ನು ಎತ್ತಿಕೊಡು ಅಂದರೆ, ಎಡಗೈಯಲ್ಲಿ ಮೂರು ಸಲ ಎತ್ತಲು ಹೋಗಿ, ಬಿಟ್ಟು, ಬಲಗೈಯಲ್ಲಿ ಎತ್ತಿದಳು. ಏನೇ, ಕೈಗೆ ಎಣ್ಣೆ ಸುರಿದುಕೊಂಡಿದ್ದೀಯಾ ಅಂತ ಅಮ್ಮ ಗದರಿದಳು. ತಂಗಿ ನಕ್ಕಳು. ಬಿಲ್ಲು ಹಿಡಿದ ಕೈ ಅಮ್ಮ, ಅದಕ್ಕೀಗ ಪಿನ್ನು ಹಿಡಿಯೋದೆಲ್ಲ ಮರ್ಯಾದೆಗೆ ಕಡಿಮೆ ಅಂದಳು. ಹಾಗೆ ಅನ್ನುತ್ತ ಅಕ್ಕನ ಕಡೆ ಒಂದು ನೋಟ ಹರಿಸಿದಳು. ಅಕ್ಕನೂ ನಕ್ಕಳು. ಆ ನೋಟವನ್ನು ಅಕ್ಕ ಆಮೇಲೆ ಎಷ್ಟು ಸಲ ನೆನಪಿಸಿಕೊಂಡಳೋ. ಅಮ್ಮನ ಬಾಯಿ ಹೇಗೆ ಮುಚ್ಚಿಸಿದೆ ನೋಡು ಅನ್ನುವ ತುಂಟ ನೋಟ ಅಂತ ಆಗ ಅಂದುಕೊಂಡಿದ್ದಳು.

ಮಳೆ ನಿಂತಿತು. ಆಯ್ಕೆ ಹತ್ತಿರ ಬಂತು. ಹಳೆಯ ಹೆದೆ ಬಿಚ್ಚಿ ಹೊಸದು ಹಾಕುವ ದಿನ ತಂಗಿ ಕೋಚ್ ಜೊತೆ ಓಟದ ಅಭ್ಯಾಸಕ್ಕೆ ಹೋಗಿದ್ದಳು. ಹೊಸ ಹೆದೆ ಹಿಗ್ಗಿ ಕೂರಬೇಕಾದರೆ ಒಂದಷ್ಟು ಬಾಣ ಬಿಟ್ಟು ಪಳಗಿಸಬೇಕು. ತಂಗಿ ಬರುವುದು ತಡ. ಅಕ್ಕತಂಗಿಯರಿಬ್ಬರದೂ ಒಂದೇ ಎತ್ತರ, ಒಬ್ಬರ ಬಟ್ಟೆ ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದರು. ಪಳಗಿಸುವುದಕ್ಕೆ ತಾನೇ ಬಿಟ್ಟರೇನು ಅಂತ ಅಕ್ಕ, ಮಾವನಿಲ್ಲದ ಹೊತ್ತು ನೋಡಿ, ಆ ಬಿಲ್ಲನ್ನು ಮೊದಲ ಸಲ ತಾನೇ ಎಳೆದಳು. ಚೌಕಟ್ಟಿನಲ್ಲಿ ಕಾಗದ ಇತ್ತು. ಬಾಣ ಅದನ್ನು ಬೆರಳುದ್ದ ಬಲಕ್ಕೆ ಸೀಳಿಕೊಂಡು ಹೋಯಿತು.

ಅಕ್ಕನಿಗೆ ನಗು ಬಂತು. ತನ್ನ ಕೈ ಅಷ್ಟು ಕೆಟ್ಟದ್ದು ಅಂದುಕೊಂಡಳು. ಇನ್ನೊಂದು ಬಿಟ್ಟಳು. ಅಷ್ಟೇ ಉದ್ದ, ಅಷ್ಟೇ ಬಲಕ್ಕೆ. ಕೆಟ್ಟ ಕೈಯಾದರೆ ಒಂದೊಂದು ಸಲ ಒಂದೊಂದು ಥರ ಹರಿಯಬೇಕು. ಇದು ಅಳೆದು ಹರಿದ ಹಾಗಿತ್ತು. ಅಷ್ಟರಲ್ಲಿ ಮಾವ ಒಳಗೆ ಬಂದ. ಯಾರ ಬಿಲ್ಲೋ ಅವರೇ ಬಿಡಬೇಕು ಅಂತ ಇನ್ನೇನು ಶುರು ಮಾಡುವವನಿದ್ದ, ಕಾಗದ ಕಂಡಿತು. ಕೊಡಿಲ್ಲಿ ಅಂತ ಬಿಲ್ಲು ಇಸಕೊಂಡ. ಮಾವನದು ಹಳೆಯ ಕೈ, ನಿದ್ದೆಯಲ್ಲಿ ಬಿಟ್ಟರೂ ನೆಟ್ಟಗೆ ಹೋಗುವ ಕೈ. ಅವನು ಬಿಟ್ಟ ಬಾಣವೂ ಬೆರಳುದ್ದ ಬಲಕ್ಕೆ ಸೀಳಿತು.

ಮಾವ ಬಿಲ್ಲನ್ನು ಬೆಳಕಿಗೆ ಎತ್ತಿ ಹಿಡಿದ. ಕೆಂಪು ಚುಕ್ಕೆ ನೋಡಿದ. ರೆಸ್ಟು ನೋಡಿದ.

"ಇದೇನಮ್ಮಾ, ಮನೆ ಬಿಟ್ಟು ಬೀದಿಗೆ ಬಂದು ಕೂತಿದೆಯಲ್ಲ ಇದು."

"ಅಲ್ಲಿಟ್ಟರೇ ಅವಳಿಗೆ ದುಂಡು ಬರೋದು."

"ಇಷ್ಟು ಸೊಟ್ಟ ಬಿಲ್ಲಲ್ಲಿ ದುಂಡು ಬರಬೇಕು ಅಂದ್ರೆ..." ಅಂದವನು ಅಷ್ಟಕ್ಕೇ ನಿಲ್ಲಿಸಿದ. ಮಾತು ಶುರು ಮಾಡಿ ಅರ್ಧಕ್ಕೆ ಬಿಟ್ಟ ಮಾವನನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ. ಅವನು ಮುಗಿಸದೇ ಬಿಟ್ಟದ್ದು ಅವಳೊಳಗೆ ತಾನಾಗಿ ಮುಗಿಯಿತು: ಬಿಲ್ಲಿನ ಸೊಟ್ಟಕ್ಕೆ ಸರಿಸಮನಾದ ಸೊಟ್ಟ ಇನ್ನೆಲ್ಲೋ ಇರಬೇಕು.

ತಂಗಿ ಬಂದಾಗ ಬೆವರಿ ತೊಪ್ಪೆಯಾಗಿದ್ದಳು. ಏನು ಸ್ಕ್ರೂ ಡಾಕ್ಟ್ರೇ, ಆಪರೇಶನ್ ಆಯ್ತಾ ಅಂದಳು. ಅಕ್ಕ ಎಡಗೈ ತೋರಿಸು ಅಂದಳು. ತಂಗಿಯ ನಗು ನಿಂತಿತು. ಕೈ ಚಾಚಿದಳು. ಎಷ್ಟು ತಿಂಗಳಿಂದ ಅಕ್ಕ ಆ ಕೈಗೆ ಬಿಲ್ಲು ಕೊಟ್ಟಿದ್ದಳು, ಆ ಕೈಯಿಂದ ಇಸಕೊಂಡಿದ್ದಳು. ಒಮ್ಮೆಯೂ ಹೀಗೆ ಬೋರಲು ಹಾಕಿ ನೋಡಿರಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತುಂಬಿಕೊಂಡಿರಬೇಕಾದ ಮಾಂಸ ಕರಗಿ, ಚಮಚದಲ್ಲಿ ಕೆರೆದು ತೆಗೆದ ಹಾಗೆ ಗುಳಿ ಬಿದ್ದಿತ್ತು. ಕಿರುಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಹಿಡಿಕೆ ತಿರುಗುತ್ತಿದ್ದದ್ದು ಬಿಲ್ಲಿನ ತಪ್ಪಿನಿಂದಲ್ಲ. ಹಿಡಿಯುವ ಕೈಯೇ ಒಂದು ಬದಿಯಿಂದ ಖಾಲಿಯಾಗುತ್ತ ಬಂದಿತ್ತು.

ಆಸ್ಪತ್ರೆಗೆ ಇಬ್ಬರೇ ಹೋದರು. ಅಮ್ಮನಿಗೆ ಆಯ್ಕೆಯ ಮುಂಚಿನ ತಪಾಸಣೆ ಅಂದರು. ಉದ್ದ ಪಡಸಾಲೆ, ಗೋಡೆಗೆ ಬಡಿದ ಕುರ್ಚಿಗಳು, ಪಿನಾಯಿಲ್ ವಾಸನೆ. ಡಾಕ್ಟರಮ್ಮ ವಯಸ್ಸಾದವರು, ಮೃದುವಾಗಿ ಮಾತಾಡುವವರು. ಅವರು ಮೇಜಿನ ಮೇಲಿದ್ದ ಒಂದು ಹಾಳೆ ಕಾಗದ ತೆಗೆದು, ಇದನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಗಟ್ಟಿಯಾಗಿ ಹಿಡಿದುಕೋ, ನಾನು ಎಳೀತೀನಿ, ಬಿಡಬೇಡ ಅಂದರು. ಬಲಗೈಯಲ್ಲಿ ಹಿಡಿದಾಗ ಕಾಗದ ಹರಿಯಿತೇ ಹೊರತು ಬರಲಿಲ್ಲ. ಎಡಗೈಗೆ ಇನ್ನೊಂದು ಹಾಳೆ ಕೊಟ್ಟರು. ತಂಗಿ ಹಲ್ಲು ಕಚ್ಚಿದಳು, ಕತ್ತಿನ ನರ ಉಬ್ಬಿತು. ಕಾಗದ ಬೆಣ್ಣೆಯಿಂದ ಎಳೆದ ಹಾಗೆ ಜಾರಿ ಡಾಕ್ಟರಮ್ಮನ ಕೈಗೆ ಬಂತು. ಒಂದು ಗೀರೂ ಇರಲಿಲ್ಲ. ಅಕ್ಕ ಆ ಹಾಳೆಯನ್ನೇ ನೋಡುತ್ತ ಕೂತಳು. ಅವಳ ಇಷ್ಟು ದಿನದ ಬದುಕಿನಲ್ಲಿ ಹರಿಯದ ಕಾಗದ ಅಂದರೆ ಒಳ್ಳೆಯ ಸುದ್ದಿ.

ಅಂಗೈ ದಿಂಡಿನಲ್ಲಿ ನರವೊಂದು ಒತ್ತಿಹೋಗಿದೆ ಅಂತ, ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರಮ್ಮ ಹೇಳಿದರು. ಇದರಲ್ಲಿ ನೋವು ಬರದ ಒಂದು ಬಗೆ ಇದೆ, ಜೋಮೂ ಹಿಡಿಯುವುದಿಲ್ಲ, ಸುಮ್ಮನೆ ಶಕ್ತಿ ಇಳಿಯುತ್ತ ಹೋಗುತ್ತದೆ, ಇದು ಅದು. ಆಪರೇಶನ್ ಮಾಡಿದರೆ ಇನ್ನೂ ಕೆಡುವುದು ನಿಲ್ಲಬಹುದು. ಹೋದದ್ದು ಮರಳುವುದು ಕಷ್ಟ. ಬೇಸಿಗೆ ಶುರುವಿನಲ್ಲೇ ಬಂದಿದ್ದರೆ ಬೇರೆ ಮಾತು. ಹಾಗೆ ಹೇಳುತ್ತಲೇ ಅವರ ಬೆರಳು ತಂಗಿಯ ಅಂಗೈಯ ಕೆಳಬದಿಯಲ್ಲಿ ನಿಂತಿತು. ಅಲ್ಲಿ ಚರ್ಮ ಗಟ್ಟಿಯಾಗಿ, ಅಚ್ಚೊತ್ತಿದ ಹಾಗೆ ಆಣಿ ಕಟ್ಟಿತ್ತು.

"ಇಲ್ಲಿ ಏನು ಒತ್ತುತ್ತಿತ್ತು?"

ಅಕ್ಕ ಬಾಯಿ ತೆರೆದಳು. ನಿನ್ನ ಬಗ್ಗೆ ಹೇಳು ಅಂದ ದಿನಗಳ ಹಾಗೆಯೇ ನಾಲಿಗೆ ಅಂಟಿಕೊಂಡಿತು. ಕುರ್ಚಿಯ ಕೆಳಗೆ ತಂಗಿಯ ಪಾದ ಅವಳ ಪಾದದ ಮೇಲೆ ಬಂದು ಒತ್ತಿತು. ಬಿಲ್ಲಿನ ಹಿಡಿಕೆ ಅಷ್ಟೇ, ಎಲ್ಲರಿಗೂ ಇರುತ್ತೆ ಅಂದಳು ತಂಗಿ. ಅದರಿಂದಲೇ ಆಯಿತು ಅಂತ ನಾನು ಹೇಳಲಾರೆ, ಮೊದಲೇ ಶುರುವಾಗಿದ್ದರೂ ಇರಬಹುದು, ಆದರೆ ಇದು ಒಳ್ಳೆಯದಂತೂ ಮಾಡಿಲ್ಲ ಅಂತ ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಹೌದು ಅಂದಿದ್ದರೆ ಅಕ್ಕ ಆ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡುಬಿಡುತ್ತಿದ್ದಳು. ಅಲ್ಲ ಅಂದಿದ್ದರೆ ಇಳಿಸಿಬಿಡುತ್ತಿದ್ದಳು. ಎರಡೂ ಅಲ್ಲದ್ದನ್ನು ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಬಸ್ಸು ಬರುವವರೆಗೆ ನಿಲ್ದಾಣದ ಸಿಮೆಂಟು ಕಟ್ಟೆಯ ಮೇಲೆ ಕೂತರು. ಎದುರಿಗೆ ಒಬ್ಬ ಅಂಗಡಿಯವನು ಶಟರ್ ಎತ್ತಲು ಒದ್ದಾಡುತ್ತಿದ್ದ. ಇಬ್ಬರೂ ಅದನ್ನೇ ನೋಡಿದರು. ಕೊನೆಗೆ ಅಕ್ಕನೇ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತು?"

"ಬೇಸಿಗೆಯಿಂದ. ಬಾಗಿಲ ಕೀಲಿ ತಿರುಗಿಸೋಕೆ ಆಗ್ಲಿಲ್ಲ ಒಂದಿನ."

"ಹೇಳಬಾರದಿತ್ತಾ?"

ತಂಗಿ ಅವಳ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಯಾರಿಗೆ? ನಿಂಗೆ ಗೊತ್ತಿತ್ತಲ್ಲ."

ತಂಗಿ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳುತ್ತ ಹೋದಳು.

"ಕೈ ಒಂಚೂರು ಸೋತಾಗೆಲ್ಲ ನೀನು ಒಂಚೂರು ಸ್ಕ್ರೂ ತಿರುಗಿಸ್ತಿದ್ದೆ. ಭಾರ ಇಳಿಸು ಅಂದ್ರೆ ಯಾಕೆ ಅಂತ ಕೇಳ್ದೆ ಇಳಿಸಿದೆ. ನೀನು ಬಾಯಿ ಬಿಟ್ಟು ಹೇಳೋಳಲ್ಲ, ನಂಗೊತ್ತು. ಅಕ್ಕ ನೋಡಿದ್ದಾಳೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಾಳೆ, ಆಯ್ಕೆ ಮುಗಿಯೋವರೆಗೆ ಹೇಗೋ ದಾಟಿಸ್ತಾಳೆ ಅಂದ್ಕೊಂಡೆ. ಅದಕ್ಕೇ ನಾನೂ ಎತ್ತಲಿಲ್ಲ. ನಂಗೆ ಅದೊಂದೇ ಧೈರ್ಯ ಇದ್ದಿದ್ದು, ಅಕ್ಕ."

ಅಮ್ಮನ ಮುಂದೆ ಹರಿಸಿದ ಆ ನೋಟ ಏನಾಗಿತ್ತು ಅನ್ನುವುದು ಅಕ್ಕನಿಗೆ ಆಗ ಅರ್ಥವಾಯಿತು. ಈಗಲೂ ಹೌದು ಅನ್ನಬಹುದಿತ್ತು. ಗೊತ್ತಿತ್ತು ಕಣೇ, ನಿನಗಾಗಿಯೇ ಮಾಡಿದೆ ಅನ್ನಬಹುದಿತ್ತು. ಆ ಒಂದು ಸುಳ್ಳಾದರೂ ತಂಗಿಯ ಪಾಲಿಗೆ ಉಳಿಯುತ್ತಿತ್ತು.

"ನಂಗೆ ಗೊತ್ತಿರಲಿಲ್ಲ" ಅಂದಳು ಅಕ್ಕ. "ನಾನು ಬಿಲ್ಲು ನೋಡ್ತಿದ್ದೆ."

"ಗೊತ್ತಿರಲಿಲ್ವಾ?" ತಂಗಿ ಮೆಲ್ಲಗೆ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೋ ಕೇಳುವ ಹಾಗೆ, ಇನ್ನೊಮ್ಮೆ ಕೇಳಿದಳು. ಬಸ್ಸು ಬಂತು. ಹತ್ತುವಾಗ ಅವಳು ಎಡಗೈಯಿಂದ ಕಂಬಿ ಹಿಡಿಯಲು ಹೋಗಿ, ನೆನಪಾಗಿ, ಕೈ ಹಿಂದಕ್ಕೆ ತೆಗೆದಳು. ಇಷ್ಟು ದಿನ ಒಳಗೊಳಗೇ ಒಬ್ಬಳು ಜೊತೆಗಿದ್ದಾಳೆ ಅಂದುಕೊಂಡವಳು, ಬೇಸಿಗೆಯಿಂದ ಇಲ್ಲಿಯವರೆಗೆ ತಾನು ಒಬ್ಬಳೇ ಇದ್ದೆ ಅಂತ ತಿಳಿದ ಮುಖದಲ್ಲಿ ಕಿಟಕಿಯ ಹತ್ತಿರ ಹೋಗಿ ಕೂತಳು.

ಕೋಚಿಗೆ ಹೇಳಲೇಬೇಕಾಯಿತು. ಅವರು ಆಯ್ಕೆಯ ಪಟ್ಟಿಯಿಂದ ಹೆಸರು ತೆಗೆಸಿದರು. ಅಮ್ಮ ಮಷೀನು ನಿಲ್ಲಿಸಿ, ತಂಗಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಆ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. ನಾನು ಗದರಿದೆನಲ್ಲ ಅನ್ನುವುದೊಂದೇ ಅವಳ ಬಾಯಲ್ಲಿ. ಅಕ್ಕ ಏನು ಮಾಡಿದಳು ಅನ್ನುವುದನ್ನು ಅವಳಿಗೆ ಯಾರೂ ಹೇಳಲಿಲ್ಲ. ಯಾರಾದರೂ ಬೈಯಲಿ ಅಂತ ಅಕ್ಕ ಕಾದಳು, ಯಾರೂ ಬೈಯಲಿಲ್ಲ. ಆಪರೇಶನ್ ಆಯಿತು, ಹೊಲಿಗೆ ಬಿಚ್ಚಿದರು. ಮೈದಾನದಿಂದ ತಂಡ ಹೋಯಿತು, ತಂಗಿಯ ಜಾಗದಲ್ಲಿ ಬೇರೊಬ್ಬ ಹುಡುಗಿ. ಗುಳಿ ಹಾಗೆಯೇ ಇತ್ತು. ರಬ್ಬರ್ ಚೆಂಡು ಹಿಸುಕು ಅಂದಿದ್ದರು, ಹಿಸುಕಿದಳು. ಚೆಂಡು ಹೊರಳಿ ಮಂಚದ ಕೆಳಗೆ ಹೋಗುತ್ತಿತ್ತು. ಅಕ್ಕ ಬಗ್ಗಿ ತೆಗೆದುಕೊಡುತ್ತಿದ್ದಳು. ಸ್ಕ್ರೂ ಡಾಕ್ಟ್ರು ಅನ್ನುವ ಹೆಸರು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ತಂಗಿ ಬಿಲ್ಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ನಗು ಮುಂಚೆ ಬರಲಿಲ್ಲ, ಅವಳೇ ಬಂದಳು. ಮೈದಾನಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಇದನ್ನು ಕೊಡೋಣ ಅಂತ ಕೋಚ್ ಕೇಳಿದ್ದಾರೆ, ಕೊಡುವ ಮುಂಚೆ ನೆಟ್ಟಗೆ ಮಾಡಿಕೊಡು ಅಂದಳು. ಬೆಂಚಿನ ಮೇಲೆ ಹತ್ತಿ ಕೂತು ಕಾಲು ಇಳಿಬಿಟ್ಟು ನೋಡುತ್ತ ಉಳಿದಳು. ಮಾವ ಚಹಾ ತರುತ್ತೇನೆ ಅಂತ ಹೊರಗೆ ಹೋದವನು ಬಾಗಿಲ ಹೊರಗೇ ನಿಂತ.

ಅಕ್ಕ ಹಿಡಿಕೆಯ ಟೇಪು ಬಿಚ್ಚಿದಳು. ಒಳಗಿನ ಉಬ್ಬು ಬೆವರು ಕುಡಿದು ಹಳದಿಯಾಗಿತ್ತು. ಬ್ಲೇಡಿನಿಂದ ಕೆತ್ತತೊಡಗಿದಳು. ಅದನ್ನು ಎಷ್ಟು ಚೆನ್ನಾಗಿ ಕೂರಿಸಿದ್ದಳೆಂದರೆ, ಒಂದೇ ತುಂಡಾಗಿ ಬರಲಿಲ್ಲ, ಚೂರುಚೂರಾಗಿ ಬಂತು. ಗಾಲಿಗಳನ್ನು ಸರಿಮಾಡಿದಳು. ತೂಕಗಳನ್ನು ಮೊದಲಿನ ಜಾಗಕ್ಕೆ ಹಾಕಿದಳು. ರೆಸ್ಟಿನ ಸ್ಕ್ರೂ ತಿರುಗಿಸುತ್ತ ತಿರುಗಿಸುತ್ತ, ಅಷ್ಟು ದೂರದಿಂದ ಅದನ್ನು ಕೆಂಪು ಚುಕ್ಕೆಯ ನೇರಕ್ಕೆ ತಂದಳು. ಕೂದಲೆಳೆಯಷ್ಟು, ಕೂದಲೆಳೆಯಷ್ಟು ಅಂತ ಹೋದದ್ದು, ಮರಳಿ ಬರುವಾಗ ಮುಗಿಯಲೇ ಇಲ್ಲ.

ಚೌಕಟ್ಟಿಗೆ ಹೊಸ ಕಾಗದ ಬಿಗಿದ ಮೇಲೆ ಅಕ್ಕ, ಮಾವನನ್ನು ಕರೀತೀನಿ, ಅವನು ಬಿಟ್ಟು ನೋಡಲಿ ಅಂದಳು.

"ಯಾರ ಬಿಲ್ಲೋ ಅವರೇ ಬಿಡಬೇಕು" ಅಂದಳು ತಂಗಿ. "ಇವತ್ತಿನ ಮಟ್ಟಿಗೆ ನಂದೇ ಅಲ್ವಾ?"

ಬೆಂಚಿನಿಂದ ಇಳಿದಳು. ಬಾಣ ಹೂಡಿದಳು. ಬಿಲ್ಲು ಎತ್ತಿದಾಗ ಅವಳ ಬೆನ್ನು, ಹೆಗಲು, ಕತ್ತಿನ ಓರೆ ಎಲ್ಲ ಮೊದಲಿನ ಹಾಗೆಯೇ, ನೋಡಿದರೆ ಕಣ್ಣು ತುಂಬುವ ಹಾಗೆ ಇತ್ತು. ಎಳೆದಳು. ಗಾಲಿ ಹೊರಳಿತು. ಎಡ ಮಣಿಕಟ್ಟಿನ ಮುಂದೆ ಮಾತ್ರ ಏನೋ ಕುಸಿದಂತೆ ಹಿಡಿಕೆ ಮೆಲ್ಲಗೆ ತಿರುಗುತ್ತಿರುವುದು ಅಕ್ಕನಿಗೆ ಈಗ ಸ್ಪಷ್ಟವಾಗಿ ಕಂಡಿತು. ಇಷ್ಟು ದೊಡ್ಡದಾಗಿ ಕಾಣುವುದು ಆಗ ಹೇಗೆ ಕಾಣಲಿಲ್ಲವೋ. ತಂಗಿ ಬಿಟ್ಟಳು.

ಕಾಗದ ಎಡಕ್ಕೆ, ಅಂಗೈ ಉದ್ದ, ಚರ್ರೆಂದು ಹರಿದು ಜೋತುಬಿತ್ತು.

ಅಕ್ಕನ ಕೈ ತಾನಾಗಿಯೇ ಮೇಲಂಗಿಯ ಜೇಬಿಗೆ ಹೋಯಿತು. ಅಲ್ಲಿ ರೆಸ್ಟಿನ ಸ್ಕ್ರೂ ತಿರುಗಿಸುವ ಅಲೆನ್ ಕೀ ಇತ್ತು. ಎಡಕ್ಕೆ ಹರಿದರೆ ಬಲಕ್ಕೆ. ಬೆರಳುಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಆದರೆ ಹೊರಗೆ ತೆಗೆಯಲಿಲ್ಲ. ತಂಗಿ ಆ ಜೇಬನ್ನೇ ನೋಡುತ್ತಿದ್ದಳು.

"ಬಿಲ್ಲು ಈಗ ಸರಿಯಾಗಿದೆ, ಅಲ್ವಾ ಅಕ್ಕ?"

"ಸರಿಯಾಗಿದೆ."

ತಂಗಿ ತಲೆಯಾಡಿಸಿದಳು. ಬಿಲ್ಲನ್ನು ಬೆಂಚಿಗೆ ಒರಗಿಸಿ, ಹೆದೆ ಎಳೆಯಲು ಬಲ ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿಯನ್ನು ಹಲ್ಲಿನಿಂದ ಬಿಚ್ಚಿ ಬಿಲ್ಲಿನ ಪಕ್ಕಕ್ಕೆ ಇಟ್ಟಳು. ಬಾಗಿಲಲ್ಲಿ ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಾಣಂತಿ ಅಂತ ಕರೆಯಲು ಬಾಯಿ ತೆರೆದಿದ್ದನೋ ಏನೋ, ಹಾಗೆಯೇ ಮುಚ್ಚಿದ. ಸೈಕಲ್ಲುಗಳ ಸಾಲು ದಾಟಿ ಹೋಗುವಾಗ ತಂಗಿ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು, ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ.

ಹೊಸ ಹುಡುಗಿ ಮಾರನೆಯ ದಿನ ಬಂದಳು. ಬಿಲ್ಲು ಹಿಡಿದು, ಕಾಗದದ ಮುಂದೆ ನಿಂತು, ಬಿಡಲೇ ಅಂತ ಕೇಳಿದಳು. ಅಕ್ಕ ಕಾಗದದ ಕಡೆ ನೋಡಲಿಲ್ಲ. ಹತ್ತಿರ ಬಂದು, ಮೊದಲು ನಿನ್ನ ಎಡಗೈ ತೋರಿಸು ಅಂದಳು. ಹುಡುಗಿ ಏನೂ ಅರ್ಥವಾಗದೆ ಕೈ ಚಾಚಿ ನಕ್ಕಳು. ತುಂಬಿಕೊಂಡ, ಬೆಚ್ಚಗಿನ, ಏನೂ ಆಗದ ಕೈ. ಅಕ್ಕ ಅದನ್ನು ಎಷ್ಟು ಹೊತ್ತು ಹಿಡಿದುಕೊಂಡು ನಿಂತಳೆಂದರೆ, ಹುಡುಗಿಯ ನಗು ಕಡಿಮೆಯಾಗುತ್ತ ಬಂದು, ಕೊನೆಗೆ ಅವಳೇ ಮೆಲ್ಲಗೆ ತನ್ನ ಕೈಯನ್ನು ಬಿಡಿಸಿಕೊಂಡಳು.